ಮುಸುಕು ಹೊದ್ದು ಬಂದ ದೋಣಿ

ಒಂದಾನೊಂದು ಗುರುವಾರ, ಒಂದಾನೊಂದು ಹೆದ್ದಾರಿಯ ಮೇಲೆ ಒಂದು ದೋಣಿ ಹೋಗುತ್ತಿತ್ತು. ಇದನ್ನೇ ನಮ್ಮಜ್ಜಿ ಹೇಳಿದ್ದರೆ ಗುರುವಾರದ ಜಾಗದಲ್ಲಿ ಕಾಲ ಎಂದಿರುತ್ತಿತ್ತು, ದೋಣಿಯ ಮೂತಿಗೆ ಒಂದು ಹರಳು ಇರುತ್ತಿತ್ತು, ಚಪ್ಪಾಳೆ ತಟ್ಟಿದರೆ ಸಾಕು, ಅದು ಹೇಳಿದ ಕಡೆಗೆ ಹೊರಟುಬಿಡುತ್ತಿತ್ತು. ಅಜ್ಜಿಯ ಕಥೆಗಳಲ್ಲಿ ದೋಣಿಗೆ ಟಾರ್ಪಾಲು ಕಟ್ಟುವ ಪ್ರಸಂಗವೇ ಇಲ್ಲ. ಟಾರ್ಪಾಲಿನ ಹಗ್ಗ ಬಿಚ್ಚಿಕೊಂಡು ಹಿಂದಿನ ಲಾರಿಯ ಗಾಜಿಗೆ ಛಟೀರೆಂದು ಬಡಿಯುವುದಿಲ್ಲ. ಆ ಲಾರಿಯವನು ಪಕ್ಕಕ್ಕೆ ಬಂದು, ಗಾಜು ಇಳಿಸಿ, ನಮ್ಮ ವಂಶದ ಹೆಂಗಸರನ್ನೆಲ್ಲ ಸಾಲಾಗಿ ನೆನೆದು ಮುಂದೆ ಹೋಗುವುದಿಲ್ಲ. ಇಪ್ಪತ್ತೆರಡು ವರ್ಷ ಆ ಕಥೆಗಳನ್ನೇ ಉಂಡು ಬೆಳೆದ ನನಗೆ ದೋಣಿ ತರುವುದೆಂದರೆ ಏನೆಂದು ಗೊತ್ತಾದದ್ದು ಆ ಗುರುವಾರವೇ. ಗೊತ್ತಾಗದಿದ್ದರೂ ನಡೆಯುತ್ತಿತ್ತು.

ನಮ್ಮ ಸೀಮೆಯಲ್ಲಿ ಹೊಸ ದೋಣಿಯನ್ನು ಮುಸುಕು ಹಾಕಿಯೇ ತರಬೇಕು. ಅದು ಮೊಟ್ಟಮೊದಲು ಯಾವ ನೀರನ್ನು ನೋಡುತ್ತದೋ ಅದೇ ಅದರ ನೀರು. ಆಮೇಲೆ ಆನೆ ಕಟ್ಟಿ ಎಳೆದರೂ ಅಲ್ಲಿಂದ ಕದಲುವುದಿಲ್ಲ. ಆ ನೀರು ಹೊಳೆಯೇ ಆಗಬೇಕೆಂದೇನಿಲ್ಲ, ದೋಣಿಗಳಿಗೆ ಅಷ್ಟು ವಿವೇಚನೆ ಇಲ್ಲ. ಹಾಗಾಗಿ ಹೆದ್ದಾರಿಯ ಬದಿಯವರು ಮುಸುಕಿನ ದೋಣಿ ಕಂಡೊಡನೆ ಕೊಡಕ್ಕೆ ತಟ್ಟೆ ಮುಚ್ಚುತ್ತಾರೆ, ನಲ್ಲಿಗೆ ಗೋಣಿಚೀಲ ಕಟ್ಟುತ್ತಾರೆ, ಹೋಟೆಲಿನವರು ಲೋಟಗಳನ್ನು ಬೋರಲು ಹಾಕುತ್ತಾರೆ. ಬಸ್ಸಿನಲ್ಲಿ ಬಾಟಲಿ ಎತ್ತಿ ಕುಡಿಯುತ್ತಿದ್ದವರು ಅರ್ಧಕ್ಕೆ ನುಂಗಿ ಬಾಟಲಿಯನ್ನು ತೊಡೆಯ ಕೆಳಗೆ ಸೇರಿಸುತ್ತಾರೆ. ಇದರಲ್ಲಿ ಯಾರಿಗೂ ವಿಶೇಷ ಕಾಣುವುದಿಲ್ಲ. ಬೈಯುತ್ತಾ ಮಾಡುತ್ತಾರೆ, ಅಷ್ಟೆ.

ನಮ್ಮೂರಿಗೆ ಇದ್ದದ್ದು ಒಂದೇ ದೋಣಿ. ಕಳೆದ ಮಳೆಗಾಲದ ಪ್ರವಾಹದಲ್ಲಿ ಅದು ಬಂಡೆಗೆ ಬಡಿದು ಎರಡು ಹೋಳಾಯಿತು. ಹೊಳೆಯ ನಡುವೆ ಒಂದು ಗಡ್ಡೆಯಿದೆ, ಅದರ ಮೇಲೆ ಹನ್ನೊಂದು ಮನೆ. ನಮ್ಮಕ್ಕ ರತ್ನಾವತಿಯನ್ನು ಕೊಟ್ಟಿರುವುದು ಅಲ್ಲಿಗೆ. ಅಕ್ಕಿ, ಸೀಮೆಎಣ್ಣೆ, ಕಾಗದ ಪತ್ರ ಎಲ್ಲ ಎಂಟು ತಿಂಗಳಿಂದ ಹರಿಗೋಲಿನಲ್ಲಿ ಹೋಗಿ ಬರುತ್ತಿದ್ದವು. ಆದರೆ ನಮ್ಮ ಹೊಳೆಯ ಸೆಳವಿನಲ್ಲಿ ಹರಿಗೋಲು ಬುಗುರಿಯ ಹಾಗೆ ತಿರುಗುತ್ತದೆ; ದಿನ ತುಂಬಿದ ಬಸುರಿಯನ್ನು ಅದರಲ್ಲಿ ಕೂರಿಸುತ್ತೇನೆಂದವರ ಬಾಯಿಗೆ ಅಜ್ಜಿ ಬೀಗ ಹಾಕಿದ್ದಳು. ಏಳನೇ ತಿಂಗಳಿಗೇ ತವರಿಗೆ ಬರಬೇಕಾಗಿದ್ದ ಅಕ್ಕನಿಗೆ ಒಂಬತ್ತು ತುಂಬಿತು. ಆಸ್ಪತ್ರೆಯೆನ್ನುವುದು ಇರುವುದು ಈ ದಡದಲ್ಲಿ. ನಮ್ಮವ್ವನನ್ನೂ ಗಡ್ಡೆಗೇ ಕೊಟ್ಟಿದ್ದರು. ಅವಳು ನನ್ನನ್ನು ಹೆತ್ತದ್ದು ದೋಣಿ ಕಾಯುತ್ತಾ. ಅದೊಂದನ್ನು ಮಾತ್ರ ಅಜ್ಜಿ ಕಥೆ ಮಾಡಿ ಹೇಳಿಲ್ಲ.

ಅಕ್ಕ ದಿನಾ ಸಂಜೆ ಗಡ್ಡೆಯ ಅಂಚಿಗೆ ಬಂದು, ಸೊಂಟಕ್ಕೆ ಕೈಕೊಟ್ಟು ನಿಂತು ಕೂಗುತ್ತಿದ್ದಳು. ಹೊಳೆ ದಾಟಿ ಬರುವ ಅವಳ ದನಿಗೆ ನಮ್ಮ ದಡದ ಕೊಕ್ಕರೆಗಳು ಏಳುತ್ತಿದ್ದವು.

"ಏ ತಾರೀ, ದೋಣಿ ಬಂತೇನೇ?"

"ಗುರುವಾರ ಬತ್ತದೆ ಅಕ್ಕಾ!"

"ಯಾವ ಗುರುವಾರ? ಹೋದ ವಾರವೂ ಗುರುವಾರ ಅಂದಿದ್ದೆ!"

"ಈ ಗುರುವಾರ! ಹೊತ್ತು ಮುಳುಗೋದ್ರೊಳಗೆ ನಾನೇ ತಂದು ನಿನ್ನ ಕರ್ಕೊಂಡು ಬತ್ತೀನಿ. ಆಣೆಗೂ!"

"ನೀನಾ? ಒಲೆ ಮೇಲೆ ಹಾಲಿಟ್ಟು ಮೋಡ ನೋಡೋಳು ನೀನು! ನೀವಲ್ಲಿ ಹುಟ್ಟು ಹಾಕೋದ್ರೊಳಗೆ ಇಲ್ಲಿ ಹುಟ್ಟೇ ಆಗಿರ್ತದೆ, ನೋಡ್ತಿರು!"

ಆಣೆ ಮಾಡಿದ್ದು ನಾನು. ಯಾರೂ ಮಾಡು ಎಂದಿರಲಿಲ್ಲ.

ದೋಣಿ ಮಾಡುವ ಬಡಗಿಗಳಿರುವುದು ನಮ್ಮೂರಿಂದ ಆರು ಗಂಟೆಯ ದಾರಿ, ಹನಿ ನೀರಿಲ್ಲದ ಕಲ್ಲುಬಯಲಿನಲ್ಲಿ. ಅಲ್ಲಿ ಕುಡಿಯುವ ನೀರನ್ನು ಗೋಡೆಯ ಹಿಂದೆ ಬಚ್ಚಿಟ್ಟಿರುತ್ತಾರೆ, ಕೆಲಸದ ಕೊಟ್ಟಿಗೆಗೆ ಬರುವ ಮುಂಚೆ ಬೆವರನ್ನೂ ಒರೆಸಿಕೊಂಡು ಬರುತ್ತಾರೆ. ನಾನೂ ನಮ್ಮ ಸೋದರಮಾವ ಚಿಕ್ಕೀರಯ್ಯನೂ ಬುಧವಾರವೇ ಅಲ್ಲಿಗೆ ಹೋದೆವು. ಮಾವ ನಮ್ಮೂರ ಅಂಬಿಗ. ಎಂಟು ತಿಂಗಳಿಂದ ದೋಣಿಯಿಲ್ಲದೆ ಜೀಪು ಓಡಿಸುತ್ತಾ, ಎದುರಿಗೆ ಸಿಕ್ಕವರ ಮೇಲೆಲ್ಲ ರೇಗುತ್ತಾ ಇದ್ದ. ಬಡಗಿ ಸಿದ್ದಾಚಾರಿ ದೋಣಿಯನ್ನು ಎರಡು ಗಾಲಿಯ ಗಾಡಿಯ ಮೇಲೆ ಕೂರಿಸಿ, ಗಾಡಿಯನ್ನು ಜೀಪಿನ ಹಿಂದಿನ ಕೊಕ್ಕೆಗೆ ಸಿಕ್ಕಿಸಿ, ಮೇಲೆ ಹಸಿರು ಟಾರ್ಪಾಲು ಹೊದಿಸಿದ.

"ಹೊಟ್ಟೆ ಕೆಳಗಿಂದ ಸುತ್ತಿಸಿ ಅಡ್ಡ ಕಟ್ಟಿ ಚಿಕ್ಕೀರಣ್ಣ," ಎಂದ ಆಚಾರಿ. "ಬರೀ ಅಂಚಿಗೆ ಕಟ್ಟಿದ್ರೆ ಗಾಳಿ ಒಳಕ್ಕೆ ನುಗ್ತದೆ."

"ಹಗ್ಗ ಕಟ್ಟೋದನ್ನ ಅಂಬಿಗನಿಗೆ ಹೇಳ್ಕೊಡ್ತೀಯೇನಯ್ಯಾ ಆಚಾರಿ?" ಎಂದು ಮಾವ ಅಂಚಿಗೇ ಕಟ್ಟಿದ.

ಗಾಳಿ ಒಳಕ್ಕೆ ನುಗ್ಗಿತು. ಹೆದ್ದಾರಿ ಸೇರಿ ಕಾಲು ಗಂಟೆಯಾಗಿರಲಿಲ್ಲ, ಟಾರ್ಪಾಲು ಪೂರಿಯ ಹಾಗೆ ಉಬ್ಬಿ, ಪಟಪಟನೆ ಬಡಿದುಕೊಂಡು, ಒಂದು ಮೂಲೆಯ ಗಂಟು ಬಿಚ್ಚಿತು. ನಿಂತೆವು. ಕಟ್ಟಿದೆವು. ಹೊರಟೆವು. ಇನ್ನೊಂದು ಮೂಲೆ ಬಿಚ್ಚಿತು. ನಿಂತೆವು. ಮಾವನ ಗಂಟುಗಳೆಲ್ಲ ನೀರಿಗೆ ಹೇಳಿ ಮಾಡಿಸಿದವು, ಒದ್ದೆಯಾದಷ್ಟೂ ಬಿಗಿಯುವಂಥವು. ಒಣಗಾಳಿಗೆ ಅವು ನಗುನಗುತ್ತಾ ಬಿಚ್ಚಿಕೊಳ್ಳುತ್ತಿದ್ದವು. ಹಾಗೆಂದು ಹಗ್ಗಕ್ಕೆ ನೀರು ಚಿಮುಕಿಸುವ ಹಾಗಿಲ್ಲವಲ್ಲ. ಏಳನೇ ಸಲ ನಿಂತಾಗ ನಾನು, "ಆಚಾರಿ ಹೇಳಿದ ಹಾಗೆ ಹೊಟ್ಟೆ ಕೆಳಗಿಂದ..." ಎಂದು ಬಾಯಿ ತೆಗೆದೆ.

"ನೀನು ಸುಮ್ಕಿರಮ್ಮಿ," ಎಂದ ಮಾವ.

ಎಂಟನೆಯ ಸಲ ನಿಂತದ್ದು ದನಗಳು ನೀರು ಕುಡಿಯುವ ಒಂದು ಕಲ್ಲುತೊಟ್ಟಿಯ ಹತ್ತಿರ. ಆ ತೊಟ್ಟಿಯ ಮೇಲೆ ಹದಿನಾಲ್ಕು ವರ್ಷದಿಂದ ಒಂದು ದೋಣಿ ಅಡ್ಡಡ್ಡ ಕೂತಿದೆ. ತೊಟ್ಟಿ ಮೂರು ಮೊಳ, ದೋಣಿ ಹತ್ತು ಮೊಳ. ಅದರೊಳಗೆ ಅದರ ಯಜಮಾನ ಜವರಪ್ಪ, ಬೀಡಿ ಕಚ್ಚಿಕೊಂಡು, ಮೂರು ಮೊಳ ನೀರಿನ ಮಾಲೀಕನ ಗತ್ತಿನಲ್ಲಿ ಕೂತಿದ್ದ. ನಮ್ಮನ್ನು ಕಂಡೊಡನೆ ಎದ್ದು ತನ್ನ ಪಂಚೆ ಬಿಚ್ಚಿ ತೊಟ್ಟಿಯ ನೀರಿನ ಮೇಲೆ ಹಾಸಿದ. ಚಡ್ಡಿಯಲ್ಲಿ ನಿಂತೇ ಮಾತಾಡಿಸಿದ.

"ಎಲ್ಲಿಗೆ?"

"ಹೊಳೆಗೆ," ಎಂದ ಮಾವ, ಹಲ್ಲಿನಲ್ಲಿ ಹಗ್ಗ ಕಚ್ಚಿಕೊಂಡು.

"ನಾನೂ ಹೊಳೆಗೇ ಅಂತ ಹೊರಟಿದ್ದೆ," ಎಂದ ಜವರಪ್ಪ. "ಇಂಥದೇ ಹಸ್ರು ಟಾರ್ಪಾಲು. ಇಂಥದೇ ಗಂಟು. ಹಿಂಗೆ ಹಗ್ಗ ಕಟ್ಟಿದ್ರೆ ನೀವು ನನ್ನ ಪಕ್ಕದಲ್ಲೇ ಸಂಸಾರ ಹೂಡ್ತೀರಿ ನೋಡಿ. ಮಾತಿಗೆ ಜನ ಆಗ್ತಾರೆ, ನಂಗೂ ಬೇಜಾರು. ಯಾರಾದ್ರೂ ಒಳಗೆ ಕೂತು ಮೂಲೆ ಹಿಡ್ಕೊಬೇಕು. ಹಗುರಾಗಿರೋರು."

ಇಬ್ಬರೂ ನನ್ನ ಕಡೆ ತಿರುಗಿದರು.

ಹೀಗೆ ನಾನು ದೋಣಿಯ ಒಳಗೆ, ಟಾರ್ಪಾಲಿನ ಕೆಳಗೆ, ಅಂಗಾತ ಮಲಗಿ, ಎರಡೂ ಕೈಯಲ್ಲಿ ಒಂದೊಂದು ಮೂಲೆ, ಎರಡೂ ಕಾಲ್ಬೆರಳ ಸಂದಿಯಲ್ಲಿ ಒಂದೊಂದು ಹಗ್ಗ ಹಿಡಿದುಕೊಂಡೆ. ಬೆವರು ಹರಿಯಬಾರದೆಂದು ಮಾವ ನನ್ನ ಹಣೆಗೆ ಟವಲು ಬಿಗಿದ. ನೀರಿನ ಬಾಟಲಿ ಕಿತ್ತು ಜೀಪಿನಲ್ಲಿಟ್ಟುಕೊಂಡ. ಒಳಗೆ ಹಸಿರು ಬೆಳಕು, ಹೊಸ ಮರದ, ರಾಳದ, ಎಣ್ಣೆಯ ಘಾಟು. ಗಾಡಿ ಚಲಿಸಿದಾಗ ಹಲಗೆಗಳು ಬೆನ್ನಿನಡಿ ಸಣ್ಣಗೆ ಅದುರುತ್ತಿದ್ದವು, ನಿದ್ದೆಯಲ್ಲಿ ಕನವರಿಸುವ ಮಗುವಿನ ಹಾಗೆ. ಒಂದು ಗಂಟೆ ಚೆನ್ನಾಗಿ ಹೋಯಿತು. ಟಾರ್ಪಾಲು ಹಾರಲಿಲ್ಲ. ನನ್ನ ಕೈ ಜೋಮು ಹಿಡಿಯಿತು. ಕೈಯ ಜೋಮು ಮರೆಯಲು, ಮತ್ತೆ ಆ ದೋಣಿಯ ಮೇಲೆ ಸುಮ್ಮಸುಮ್ಮನೆ ಅಕ್ಕರೆ ಬಂದು, ನಾನೊಂದು ಕಥೆ ಹೇಳಿದೆ.

ತಪ್ಪು ನನ್ನದೇ. ಆದರೆ ಮುಸುಕು ಎಂದರೆ ಕಣ್ಣಿಗೆ ಎಂದು ಎಲ್ಲರೂ ಹೇಳುತ್ತಿದ್ದರೇ ಹೊರತು ಕಿವಿಯ ವಿಷಯ ನನಗೆ ಯಾರೂ ಹೇಳಿರಲಿಲ್ಲ.

"ಏಳು ಗುಡ್ಡದಾಚೆ ಒಂದು ಕೆರೆ ಇತ್ತಂತೆ," ಎಂದೆ. "ಬೆಳಿಗ್ಗೆ ಅದು ಹಾಲಿನ ಬಣ್ಣ, ಮಧ್ಯಾಹ್ನ ಜೇನಿನ ಬಣ್ಣ, ಸಂಜೆಗೆ ಕುಂಕುಮದ ಬಣ್ಣ. ನಡುವೆ ಗಾಜಿನ ಮಂಟಪ. ಏರಿಯ ಮೇಲೆ ಒಬ್ಬ ಹುಡುಗಿ ಕಾವಲಿದ್ದಳಂತೆ." ಅಜ್ಜಿ ಇಷ್ಟಕ್ಕೆ ಹುಡುಗಿಯ ಕಡೆ ತಿರುಗುತ್ತಾಳೆ. ನಾನು ದೋಣಿಗೆ ಖುಷಿಯಾಗಲೆಂದು ಇನ್ನೂ ಸ್ವಲ್ಪ ಸೇರಿಸಿದೆ: "ಆ ಕೆರೆಗೆ ಬಂದ ದೋಣಿಗೆ ಯಾರೂ ಹುಟ್ಟು ಹಾಕುತ್ತಿರಲಿಲ್ಲ. ಮೂಟೆ ಹೇರುತ್ತಿರಲಿಲ್ಲ. ಬೆಳ್ಳಿ ಮೀನುಗಳು ಬಂದು ಅದರ ಹೊಟ್ಟೆಗೆ ಕಚಗುಳಿ ಇಡುತ್ತಿದ್ದವಂತೆ."

ಗಾಡಿ ನಿಂತಿತು.

ಜೀಪು ನಿಂತಿರಲಿಲ್ಲ, ಗಾಡಿ ನಿಂತಿತು. ಕೊಕ್ಕೆ ಕಿರ್ರೆಂದಿತು, ಎಂಜಿನ್ ಗೂಳಿಯ ಹಾಗೆ ಕೂಗಿತು, ಸುಟ್ಟ ರಬ್ಬರಿನ ವಾಸನೆ ಬಂತು. ಹಿಂದೆ ಒಂದು ಲಾರಿ, ಅದರ ಹಿಂದೆ ಒಂದು ಬಸ್ಸು, ಅದರ ಹಿಂದೆ ಇಡೀ ಸೀಮೆ ಬ್ರೇಕು ಹಾಕಿದ ಸದ್ದು ಕೇಳಿಸಿತು. ಮಾವ ಇಳಿದು ಬಂದು ಟಾರ್ಪಾಲಿನ ಹೊರಗಿನಿಂದಲೇ ನನ್ನ ತಲೆಯ ಹತ್ತಿರ ಕೂಗಿದ.

"ನೀರು ತೋರಿಸ್ದೇನಮ್ಮಿ?"

"ಇಲ್ಲ ಮಾವ!"

"ಕಣ್ಣೀರು ಹಾಕ್ದೇನು?"

"ಇಲ್ಲ!"

"ಮತ್ತೆ ಏನ್ಮಾಡ್ದೆ?"

"ಒಂದು... ಕಥೆ ಹೇಳ್ದೆ."

"ಎಂಥ ಕಥೆ?"

ಹೇಳಿದೆ. ಹಾರನ್ನುಗಳ ನಡುವೆ ಮಾವ ಜೀಪಿನ ಬಾನೆಟ್ಟಿಗೆ ಹಣೆ ಚಚ್ಚಿಕೊಂಡದ್ದು ಕೇಳಿಸಿತು. ನಾನು ಮೆಲ್ಲಗೆ ನುಸುಳಿ ಹೊರಬಂದೆ. ಬಸ್ಸಿನವರೆಲ್ಲ ಇಳಿದಿದ್ದರು. ಲಾರಿಯ ಚಾಲಕ ಗಾಡಿಯ ಗಾಲಿಗಳನ್ನು ಒದ್ದು ನೋಡಿ, "ಬೇರು ಬಿಟ್ಟಂಗೈತೆ," ಎಂದ. ಎಡಗಡೆಗೆ ಇಪ್ಪತ್ತು ಹೆಜ್ಜೆಯಲ್ಲಿ ಕಲ್ಲುಗಣಿಯ ಗುಂಡಿ, ಅದರಲ್ಲಿ ಹಸಿರು ನೀರು. ಆಗಲೇ ಹೆದ್ದಾರಿಯ ಪೊಲೀಸಿನವನೊಬ್ಬ ಬೈಕಿನಲ್ಲಿ ಬಂದು, "ಏನ್ರೀ ಇದು, ತೆಗೀರಿ ಟಾರ್ಪಾಲು, ನೋಡಾನ ಒಳಗೆ ಏನೈತೆ," ಎಂದು ಹಗ್ಗಕ್ಕೆ ಕೈ ಹಾಕಿದ. ಬಸ್ಸಿನ ನಲವತ್ತು ಜನ ಒಟ್ಟಿಗೆ, "ಅಯ್ಯಯ್ಯೋ!" ಎಂದರು.

"ನಿಮ್ಮ ದಮ್ಮಯ್ಯ ಸ್ವಾಮಿ, ಆ ಗುಂಡಿ ಕಂಡ್ರೆ ಇದು ಇಲ್ಲೇ ಠಿಕಾಣಿ ಹೂಡ್ತದೆ! ನಾವು ಮನೆಗೆ ಹೋಗ್ಬೇಕು!" ಎಂದು ಒಬ್ಬಾಕೆ ತನ್ನ ಕೊಡೆಯಿಂದ ಅವನ ಕೈಗೆ ಮೆತ್ತಗೆ ಒಂದು ಹಾಕಿದಳು. ಅವನು ಹಗ್ಗ ಬಿಟ್ಟು, ಆ ಕೈಯನ್ನೇ ಎತ್ತಿ, ವಾಹನಗಳನ್ನು ಬದಿಗೆ ಕಳಿಸುವ ಕೆಲಸ ಶುರುಮಾಡಿದ.

"ನೀನು ಹೇಳಿದ್ದು ತಾನೇ, ನೀನೇ ಅಳಿಸು," ಎಂದ ಮಾವ ನನಗೆ. "ಕೆರೆ ಒಣಗೋಯ್ತು ಅನ್ನು."

ಮತ್ತೆ ಒಳಗೆ ನುಸುಳಿದೆ. "ಆಮೇಲೆ ಮೂರು ವರ್ಷ ಮಳೆ ಬರಲಿಲ್ಲವಂತೆ," ಎಂದೆ. "ಹಾಲು ಬಣ್ಣವೂ ಹೋಯಿತು, ಜೇನು ಬಣ್ಣವೂ ಹೋಯಿತು. ಮೀನುಗಳು..." ಬೆನ್ನಿನ ಕೆಳಗೆ ಟಕ್ ಎಂದಿತು. ಹಲಗೆಯ ಸಂದಿನ ರಾಳ ಬಿರಿದು ಕೂದಲೆಳೆಯಷ್ಟು ಬೆಳಕು ಒಳಗೆ ಬಂತು. ಇನ್ನೊಂದು ಕಡೆ ಟಕ್. ದೋಣಿ ಒಣಗುತ್ತಿತ್ತು. ನಾನು ಕಿರುಚಿದೆ: "ಮಳೆ ಬಂತು! ಬಂತು! ಕೆರೆ ತುಂಬಿತು! ಮೊದಲಿನ ಹಾಗೇ ಇದೆ!" ಸಂದು ಮೆಲ್ಲಗೆ ಕೂಡಿಕೊಂಡಿತು. ಗಾಲಿಗಳು ಮಾತ್ರ ಅಲ್ಲೇ. ಹೊರಗೆ ತಲೆ ಹಾಕಿ ಹೇಳಿದೆ, "ಒಣಗಿಸಿದ್ರೆ ಸೀಳ್ತದೆ ಮಾವ." ನನಗೆ ನಗು ಬರುತ್ತಿರಲಿಲ್ಲ. ಬಿಸಿಲು ನೆತ್ತಿ ದಾಟಿತ್ತು. ನಲವತ್ತು ಮೈಲಿಯಾಚೆ ಅಕ್ಕ ಗಡ್ಡೆಯ ಅಂಚಿಗೆ ಬರುವ ಹೊತ್ತು ಹತ್ತಿರವಾಗುತ್ತಿತ್ತು, ನಾನಿಲ್ಲಿ ಇಲ್ಲದ ಕೆರೆಯೊಂದಕ್ಕೆ ಮಳೆ ಸುರಿಸುತ್ತಿದ್ದೆ.

ಕೊಡೆಯಾಕೆ ಎಲೆಯಡಿಕೆ ಜಗಿಯುತ್ತಾ ಎಲ್ಲ ನೋಡುತ್ತಿದ್ದಳು. ಉಗುಳಲು ಜಾಗ ಹುಡುಕಿ, ದೋಣಿಯ ಕಡೆಗೊಮ್ಮೆ ನೋಡಿ, ನುಂಗಿಕೊಂಡಳು.

"ನೀನು ಹೇಳಿದ್ದು ಎಂಥ ನೀರು ಮಗಾ?"

"ಕೆರೆ ನೀರು."

"ಕೆರೆ ನೀರು ಅಂದ್ರೆ ಎಂಥ ನೀರು?"

"ನಿಂತ ನೀರು..."

"ನಿಂತ ನೀರು ಹೇಳ್ಬುಟ್ಟು ದೋಣಿ ನಿಂತೋಯ್ತು ಅಂತ ಅಳ್ತೀರಲ್ಲ, ಎಂಥ ಜನಾನೋ ನೀವು! ಹರಿಯೋ ನೀರು ಹೇಳು. ಏರಿ ಒಡಿ. ಕೆರೇನೇ ಹೊರಡ್ತು ಅಂದ್ರೆ ಇದು ಅಲ್ಲಿ ಕೂತು ಏನ್ಮಾಡ್ತದೆ?"

ಮಾವ ಆಕೆಯನ್ನು ನೋಡಿದ, ನನ್ನನ್ನು ನೋಡಿದ. "ಒಡಿ," ಎಂದ.

ಹೇಳುವುದು ಸುಲಭ. ಆ ಕೆರೆ ನನ್ನದು. ಅವ್ವನಿಲ್ಲದ ಮನೆಯಲ್ಲಿ, ಜ್ವರ ಬಂದಾಗ, ಮಳೆಗೆ ಮಾಡು ಸೋರಿದಾಗ, ಅಕ್ಕ ಮದುವೆಯಾಗಿ ಹೊಳೆ ದಾಟಿದ ದಿನ, ನಾನು ಹೋಗಿ ಕೂರುತ್ತಿದ್ದದ್ದು ಅದರ ಏರಿಯ ಮೇಲೆ. ಏರಿಯ ಹುಡುಗಿಗೆ ಅಜ್ಜಿ ಹೆಸರಿಟ್ಟಿರಲಿಲ್ಲ, ನಾನು ನನ್ನ ಹೆಸರನ್ನೇ ಇಟ್ಟಿದ್ದೆ. "ಒಡೀತೀಯೋ ಇಲ್ವೋ?" ಎಂದ ಮಾವ. ಒಳಗೆ ಮಲಗಿ, ಮೂಲೆಗಳನ್ನು ಹಿಡಿದು, "ಒಂದು ದಿನ ಆ ಹುಡುಗಿಯೇ ಗುದ್ದಲಿ ತಗೊಂಡು ಏರಿ ಕಡಿದಳಂತೆ," ಎಂದೆ. "ನೀರು ಧೋ ಎಂದು ಹೊರಟಿತು. ಮಂಟಪ ಹೋಯಿತು. ಮೀನು ಹೋದವು. ಅಲ್ಲಿದ್ದ ದೋಣಿಯೂ ನೀರಿನ ಸಂಗಡ ಹೊರಟಿತು."

ಗಾಲಿಗಳು ಉರುಳಿದವು. ಬಸ್ಸಿನವರು ಹೋ ಎಂದರು. ಮಾವ ಓಡಿ ಜೀಪು ಹತ್ತಿದ. ನಾನು ಒಂದು ನಿಟ್ಟುಸಿರು ಬಿಟ್ಟೆ, ಆ ಉಸಿರಿನಷ್ಟು ಹೊತ್ತು ಮಾತು ನಿಂತಿತು, ಗಾಡಿಯೂ ನಿಂತಿತು, ಹಿಂದಿನ ಲಾರಿ ನಮಗೆ ಬಡಿಯುವುದು ಗೇಣಿನಲ್ಲಿ ತಪ್ಪಿತು.

ಅಂದರೆ ನಲವತ್ತು ಮೈಲಿ, ಬಾಯಿ ಮುಚ್ಚದೆ, ಹನಿ ನೀರಿಲ್ಲದೆ, ನೀರಿನ ಬಗ್ಗೆಯೇ ಮಾತಾಡುತ್ತಾ ಹೋಗಬೇಕು. ಇಂಥ ಶಿಕ್ಷೆ ಅಜ್ಜಿಯ ಕಥೆಗಳ ರಾಕ್ಷಸರಿಗೂ ಹೊಳೆದಿಲ್ಲ.

ಹರಿಸಿದೆ. ಆ ನೀರನ್ನು ಹೀಗೇ ಹಾಲು ಜೇನಿನ ಬಣ್ಣದಲ್ಲಿ ನಮ್ಮೂರಿಗೆ ತಂದರೆ ದೋಣಿ ನಮ್ಮ ಹೊಳೆಯನ್ನು ಕಂಡು ಮುಖ ತಿರುಗಿಸುತ್ತದೆಂದು ಹೊಳೆದು, ದಾರಿಯಲ್ಲಿ ಬಣ್ಣಗಳನ್ನು ಕಳೆಯತೊಡಗಿದೆ. ಮುಂದಿನಿಂದ ಮಾವ ದಾರಿ ಕೂಗುತ್ತಿದ್ದ. "ಇಟ್ಟಿಗೆ ಗೂಡು ಬಂತು!" ನೀರು ತನ್ನ ಕುಂಕುಮವನ್ನು ಇಟ್ಟಿಗೆಯವರಿಗೆ ಕೊಟ್ಟು ಮುಂದೆ ಹೋಯಿತು. "ಸೂರ್ಯಕಾಂತಿ ಹೊಲ!" ಜೇನಿನ ಬಣ್ಣ ಅಲ್ಲಿಗೆ. "ಸುಣ್ಣದ ಭಟ್ಟಿ!" ಹಾಲು ಅಲ್ಲಿಗೆ. ಒಮ್ಮೆ ಬಾಯಿತಪ್ಪಿ, "ಅಲ್ಲೊಂದು ಮಡುವಿತ್ತು," ಎಂದುಬಿಟ್ಟೆ, ಗಾಡಿ ತಟಕ್ಕನೆ ನಿಧಾನವಾಯಿತು. "ಮಡುವಲ್ಲ, ಮಡುವಲ್ಲ, ಬರೀ ಹರಿಯೋದು, ಸುಮ್ಮನೆ ಹರಿಯೋದು," ಎಂದು ಗಾಬರಿಯಲ್ಲಿ ಗೋಗರೆದೆ. ಆಮೇಲೆ ಮಾವ ಕೂಗುವುದು ನಿಲ್ಲಿಸಿದ.

"ಏನು ಕಾಣ್ತದೆ ಎಂದು ಮಾವನನ್ನು ಆ ನೀರು ಕೇಳಿತಂತೆ!" ಎಂದೆ, ಕಥೆ ಮುರಿಯದ ಹಾಗೆ.

"ಡಾಂಬರು ಬಿಟ್ರೆ ಏನೂ ಇಲ್ಲ ಕಣಮ್ಮಿ! ನೀನೇ ಏನಾರ ಹುಟ್ಟಿಸ್ಕೊ!"

ಅಜ್ಜಿಯಿಂದ ಕಲಿತದ್ದು ಮುಗಿದಾಗ ಇನ್ನೂ ಹದಿನೈದು ಮೈಲಿಯಿತ್ತು. ನಾಲಿಗೆ ಮರದ ಚಕ್ಕೆಯಾಗಿತ್ತು. ರಾಜಕುಮಾರಿಯರು, ಹಾರುವ ಹಾಸಿಗೆ, ಮಾತಾಡುವ ಹಂಸ, ಎಲ್ಲ ಕೊಚ್ಚಿಕೊಂಡು ಹೋಗಿದ್ದವು. ಗಾಡಿ ನಿಧಾನವಾಗುತ್ತಿತ್ತು. ಬೇರೆ ಏನೂ ತೋಚದೆ ಇದ್ದದ್ದನ್ನೇ ಹೇಳತೊಡಗಿದೆ. ನಮ್ಮ ಹೊಳೆ ಕೆಸರು ಬಣ್ಣ ಎಂದೆ. ಬಟ್ಟೆ ಒಗೆಯುವ ಕಲ್ಲುಗಳಲ್ಲಿ ಒಂದು ಅಲುಗಾಡುತ್ತದೆ ಎಂದೆ. ಕಳೆ ಬೆಳೆದಿದೆ, ಬೇಸಿಗೆಯಲ್ಲಿ ನಾರುತ್ತದೆ, ನಮ್ಮಕ್ಕ ದಿನಾ ಸಂಜೆ ನಿಂತು ಬೈಯುತ್ತಾಳೆ, ಅವಳ ಕಾಲು ಊದಿದೆ ಎಂದೆ. ಗಾಡಿ ಉರುಳುತ್ತಿತ್ತು. ಆಮೇಲೆ ನನ್ನ ಬಾಯಿಗೆ ಬಂದದ್ದು ಅವ್ವ.

ಇದನ್ನು ನನಗೆ ಹೇಳಿದ್ದು ಮಾವ, ಒಂದೇ ಸಲ, ಹೊಳೆಯ ನಡುವೆ. "ಅವ್ವನಿಗೆ ನೋವು ಬಂದ ದಿನ ದೋಣಿ ನಮ್ಮ ದಡದಲ್ಲಿರಲಿಲ್ಲ," ಎಂದೆ. "ಮದುವೆ ದಿಬ್ಬಣ ಇಳಿಸಲು ಮೇಲಿನ ಊರಿಗೆ ಹೋಗಿತ್ತು. ಆಗ ಹುಟ್ಟು ಹಾಕುತ್ತಿದ್ದವಳು ಅಜ್ಜಿ. ದಿಬ್ಬಣದವರು ಊಟ ಮಾಡಿಕೊಂಡು ಹೋಗು ಎಂದರು. ಅಜ್ಜಿ ಊಟ ಮಾಡಿದಳು. ಗಡ್ಡೆಯ ಮೇಲೆ ಎಲ್ಲರೂ ಕೂಗುತ್ತಿದ್ದರು, ಕೇಳುವವರು ಯಾರೂ ಇರಲಿಲ್ಲ. ಅಜ್ಜಿ ಬಂದಾಗ ನಾನಿದ್ದೆ. ಅವ್ವ ಇರಲಿಲ್ಲ." ಕಣ್ಣು ಉರಿಯಿತು. ಮುಂದಿನಿಂದ ಮಾವನ ದನಿ ಬಂತು, ಬೈಗುಳದ ದನಿಯಲ್ಲ: "ತಾರಾ, ಅಳಬ್ಯಾಡ ಮಗಾ. ಕೇಳಿದ ನೀರಿಗೇ ಹಂಗೆ ಕೂತದ್ದು, ಕಣ್ಣೀರು ಕಂಡ್ರೆ ನಿನ್ನ ಕೆನ್ನೆ ಮೇಲೇ ಲಂಗರು ಹಾಕ್ತದೆ." ಟಾರ್ಪಾಲಿನ ಒರಟು ಅಂಚನ್ನು ಕಣ್ಣಿಗೆ ಒತ್ತಿಕೊಂಡೆ. ಒತ್ತಿಕೊಂಡೇ ಹೇಳಿದೆ: "ಈಗ ಅಕ್ಕ ಕಾಯ್ತಾ ಇದ್ದಾಳೆ. ಅದೇ ಗಡ್ಡೆ. ಅದೇ ಅಂಚು. ನೀನು ಹೋಗದಿದ್ದರೆ ಬೇರೆ ದೋಣಿ ಇಲ್ಲ." ಗಾಲಿಗಳ ಸದ್ದು ಬದಲಾಯಿತು. ಕೊಕ್ಕೆಯಲ್ಲಿ ಎಳೆತವೇ ಇರಲಿಲ್ಲ. ಗಾಡಿ ಜೀಪನ್ನು ಹಿಂದಿನಿಂದ ನೂಕುತ್ತಿತ್ತು. "ಏ, ಏ, ನಿಧಾನ!" ಎಂದು ಮಾವ ಯಾರಿಗೆ ಹೇಳಿದನೋ.

ನಮ್ಮ ದಡ ಮುಟ್ಟಿದಾಗ ಹೊತ್ತು ಮುಳುಗಲು ಎರಡು ಮಾರು ಇತ್ತು. ಅಜ್ಜಿ ಮಣೆ ಹಾಕಿಕೊಂಡು ನೀರಿನಂಚಿನಲ್ಲಿ ಕೂತಿದ್ದಳು, ಪಕ್ಕದಲ್ಲಿ ಆಸ್ಪತ್ರೆಯ ನರ್ಸಮ್ಮ. ಗಡ್ಡೆಯ ಅಂಚಿನಲ್ಲಿ ಅಕ್ಕ ಕೂಗುತ್ತಿರಲಿಲ್ಲ. ಇಬ್ಬರು ಹೆಂಗಸರು ಅವಳನ್ನು ಹಿಡಿದುಕೊಂಡಿದ್ದರು.

"ಮಧ್ಯಾಹ್ನದಿಂದ ಸುಮ್ನವ್ಳೆ," ಎಂದಳು ಅಜ್ಜಿ. ಎದ್ದು ಬಂದು ಮಾವನ ಗಂಟುಗಳನ್ನು ಒಂದೊಂದೇ ಎಳೆದಳು, ಟಾರ್ಪಾಲನ್ನು ಮೂತಿಯ ಕಡೆಯಿಂದ ಹಿಂದಕ್ಕೆ ಸರಿಸಿದಳು. ನಾನು ಒಳಗೆ ಕೂತೇ ಇದ್ದೆ. ದೋಣಿಯೂ ನಾನೂ ಒಟ್ಟಿಗೆ ಹೊಳೆಯನ್ನು ನೋಡಿದೆವು. ಕೆಸರು ಬಣ್ಣ, ಕಳೆ, ಅಲುಗಾಡುವ ಕಲ್ಲು. ಬೆಳ್ಳಿ ಮೀನು ಒಂದೂ ಇಲ್ಲ. ನಾನು ಏನಾದರೂ ಹೇಳಬೇಕೆಂದು ಬಾಯಿ ತೆಗೆದೆ, ದನಿಯೇ ಹೊರಡಲಿಲ್ಲ. ದೋಣಿ ಗಾಡಿಯ ಮೇಲೆ ಒಮ್ಮೆ ಮೈ ಮುರಿದು, ಹಲಗೆಯಿಂದ ಹಲಗೆಗೆ ಕಿರುಗುಟ್ಟಿ, ಯಾರೂ ನೂಕದೆ, ನನ್ನನ್ನು ಹೊತ್ತುಕೊಂಡೇ ನೀರಿಗೆ ಜಾರಿತು.

ಮಾವ ಸೊಂಟದವರೆಗೆ ನೀರಲ್ಲಿ ಓಡಿ ಬಂದು ಹತ್ತಿ ಹುಟ್ಟು ಹಿಡಿದ. ಸೆಳವಿನಲ್ಲಿ ದೋಣಿ ತಿರುಗಲಿಲ್ಲ, ನೇರ ಹೋಯಿತು. ಅಕ್ಕನನ್ನು ಇಬ್ಬರು ಎತ್ತಿ ಕೂರಿಸಿದರು. ಅವಳ ಮುಖ ಬೂದಿಬಣ್ಣವಾಗಿತ್ತು. ನನ್ನ ಮಣಿಕಟ್ಟು ಹಿಡಿದವಳು ನೋವು ಬಂದಾಗಲೆಲ್ಲ ಮೂಳೆ ಮುರಿಯುವ ಹಾಗೆ ಹಿಂಡಿದಳು.

"ಏನಾದ್ರೂ ಮಾತಾಡೇ," ಎಂದಳು. "ನಿನ್ನ ಹಾಳು ಕೆರೆ ಕಥೆಯಾದ್ರೂ ಹೇಳು. ಯಾವಾಗಲೂ ವಟಗುಟ್ತಿದ್ದೆಯಲ್ಲ, ಈಗ ಏನಾಗೈತೆ ನಿಂಗೆ?"

ನಾನು ಗಂಟಲು ತೋರಿಸಿ ಕೈ ಆಡಿಸಿದೆ.

"ದನಿ ಹೋಗೈತೆ ಅವಳ್ದು," ಎಂದ ಮಾವ, ಹುಟ್ಟು ಎಳೆಯುತ್ತಾ. "ನಲವತ್ತು ಮೈಲಿ ಈ ದೋಣಿ ಜೊತೆ ಮಾತಾಡ್ಕೊಂಡು ಬಂದವ್ಳೆ."

"ದೋಣಿ ಜೊತೆ," ಎಂದಳು ಅಕ್ಕ. ಇನ್ನೊಂದು ನೋವು ಬಂದು ಹೋಗುವವರೆಗೆ ತುಟಿ ಕಚ್ಚಿದ್ದು, ಆಮೇಲೆ, "ಹುಚ್ಚುಮುಂಡೇದು," ಎಂದಳು. ನನ್ನ ಕೈ ಬಿಡಲಿಲ್ಲ.

ಈಚೆ ದಡದಲ್ಲಿ ಅಜ್ಜಿ ಮೊಣಕಾಲುದ್ದದ ನೀರಿನಲ್ಲಿ ನಿಂತು ಎರಡೂ ತೋಳು ಚಾಚಿದ್ದಳು. ಮಾವ ದೋಣಿಯನ್ನು ಅಡ್ಡಕ್ಕೆ ತಿರುಗಿಸಿ ದಡಕ್ಕೆ ಒತ್ತಿ ಹಿಡಿದ. ಅಕ್ಕ ಎದ್ದು ನಿಂತು, ಅಜ್ಜಿಯ ಭುಜಕ್ಕೆ ಒಂದು ಕೈ, ನನ್ನ ತಲೆಗೆ ಒಂದು ಕೈ ಊರಿ, ಊದಿದ ಒಂದು ಕಾಲನ್ನು ನಮ್ಮ ದಡದ ಕೆಸರಿನಲ್ಲಿಟ್ಟಳು. ಥೂ, ಎಂಥ ಕೆಸರು, ಎಂದಳು. ಆಮೇಲೆ ಇನ್ನೊಂದು ಕಾಲನ್ನೂ ಇಟ್ಟಳು.